ತೊಮಾಶ್ ನೊವಾಕನ ರಹವಾಸಿ ದಾಖಲೆ

ತೊಮಾಶ್ ನೊವಾಕನ ಆ ದಿನವನ್ನು ಕೆಡಿಸಿದ್ದು ಒಂದು ಶಬ್ದ. ಅದನ್ನು ಅವನು ತನ್ನ ದೇಶದ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ಇಟ್ಟಿಗೆಯಷ್ಟು ದಪ್ಪದ ಹಳೇ ನಿಘಂಟೊಂದರಲ್ಲಿ ಕಂಡು, ಚಂದವೆನಿಸಿ ಬರೆದುಕೊಂಡಿದ್ದ. 'ಪರದೇಶಿ: ಅನ್ಯದೇಶದವನು, ಹೊರನಾಡಿನಿಂದ ಬಂದವನು.' ನಿಘಂಟು ಬರೆದವರು ಸುಳ್ಳು ಹೇಳಿರಲಿಲ್ಲ. ಆದರೆ ಅವರು ಸತ್ತು ನೂರು ವರ್ಷವಾಗಿತ್ತು. ಅಷ್ಟರಲ್ಲಿ ಆ ಶಬ್ದ ಊರೂರು ಅಲೆದು, ಹರಿದ ಅಂಗಿ ತೊಟ್ಟು, ಪಾಪದವರ ಜಗಲಿಯ ಮೂಲೆಯಲ್ಲಿ ಬಂದು ಕೂತುಬಿಟ್ಟಿತ್ತು. ಅಂಕೋಲೆ ಕಡೆ ಯಾರನ್ನಾದರೂ ಪರದೇಶಿ ಎಂದರೆ, ಹಿಂದಿಲ್ಲ ಮುಂದಿಲ್ಲ, ಕೂಳಿಗೆ ಗತಿಯಿಲ್ಲ ಎಂದರ್ಥ.

ತೊಮಾಶ್ ಚೆಕ್ ದೇಶದ ಹುಡುಗ. ಕರಾವಳಿಯ ಕನ್ನಡದಲ್ಲಿ ಮೀನುಗಳಿಗಿರುವ ಹೆಸರುಗಳನ್ನು ಅಭ್ಯಾಸ ಮಾಡಲು ಆರು ತಿಂಗಳ ಮಟ್ಟಿಗೆ ಬಂದವನು, ಹಾರವಾಡದ ಹತ್ತಿರದ ಪುನರ್ವಸತಿ ಕಾಲನಿಯ ಮೂವತ್ತೇಳನೇ ನಂಬರಿನ ಮನೆಯಲ್ಲಿ, ಹೊನ್ನ ಮತ್ತು ಈರಮ್ಮನ ಹತ್ತಿರ ಉಳಿದುಕೊಂಡಿದ್ದ. ಆ ಕಾಲನಿಯವರು ದೊಡ್ಡ ಯೋಜನೆಯೊಂದಕ್ಕೆ ತಮ್ಮ ಊರನ್ನು ಬಿಟ್ಟುಕೊಟ್ಟವರು ಎಂದು ಸರಕಾರದ ಕಾಗದ ಹೇಳುತ್ತದೆ. ಬಿಟ್ಟುಕೊಟ್ಟದ್ದಲ್ಲ, ಒಲೆ ಆರಿಸಲೂ ಬಿಡದೆ ಎಬ್ಬಿಸಿದ್ದು ಎಂದು ಈರಮ್ಮ ಹೇಳುತ್ತಾಳೆ. ಇಬ್ಬರಲ್ಲಿ ಠಸ್ಸೆ ಇರುವುದು ಸರಕಾರದ ಹತ್ತಿರ ಮಾತ್ರ.

ಹೊರದೇಶದ ವಿದ್ಯಾರ್ಥಿ ಬಂದ ಹದಿನಾಲ್ಕು ದಿನದೊಳಗೆ ಕಾರವಾರದ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕು, ತಪ್ಪಿದರೆ ಗಂಟುಮೂಟೆ ಕಟ್ಟಬೇಕು ಎಂದು ಅವನಿಗೆ ಹೊರಡುವಾಗಲೇ ಹೇಳಿ ಕಳಿಸಿದ್ದರು. ಹದಿಮೂರು ದಿನ ತೊಮಾಶ್ ಬಂಗಡೆ, ತಾರ್ಲೆ, ನೊಗಲಿಗಳ ಹಿಂದೆ ಬಿದ್ದಿದ್ದ. ೨೦೦೮ರ ಫೆಬ್ರವರಿಯ ಆ ಗುರುವಾರ ಹದಿನಾಲ್ಕನೆಯದು. ಸಂಜೆ ಐದರೊಳಗೆ ಠಸ್ಸೆ ಬೀಳದಿದ್ದರೆ ಅವನ ಅಭ್ಯಾಸ ಅಲ್ಲಿಗೇ ಮುಗಿಯಿತು, ಮೀನುಗಳು ತಮ್ಮ ಹೆಸರು ತಾವೇ ಹೇಳಿಕೊಂಡು ಈಜಬೇಕು.

ಅವನ ಹೆಸರಿನದೇ ಇನ್ನೊಂದು ರಗಳೆ. ತೊಮಾಶ್ ಎಂದರೆ ಕಾಲನಿಯವರು, ತಮಾಶೆ ಸಾಕು, ಹೆಸರು ಹೇಳು ಎನ್ನುತ್ತಿದ್ದರು. ಕೊನೆಗೆ ಈರಮ್ಮ ಬಾಲ ಕತ್ತರಿಸಿ 'ತಮಾ' ಮಾಡಿದಳು. ಆ ಕಡೆ ತಮ್ಮಂದಿರನ್ನೆಲ್ಲ ಕರೆಯುವುದೂ ಹಾಗೆಯೇ.

ಬೆಳಿಗ್ಗೆ ಏಳಕ್ಕೆ ಅವನು ಕಡತವನ್ನು ಎದೆಗವಚಿಕೊಂಡು ಹೊಸ್ತಿಲಲ್ಲಿ ನಿಂತು, "ಮಾತೆ, ನಾನು ಹೋಗುತ್ತೇನೆ" ಎಂದ. ಈರಮ್ಮನ ಕೈಯ ಸೌಟು ಜಾರಿತು.

"ಥೂ ನಿನ್ ಬಾಯಿಗೆ. ಹೋಗ್ತೆ ಅಂಬೂದು ತಿರುಗಿ ಬರದವ್ರು. ಬತ್ತೆ ಅನ್ಬೇಕು. ಒಳಗೆ ಬಂದು ಕೂತ್ಕಂಡು ನೀರು ಕುಡಿದು ಆಮೇಲೆ ಹೊರಡು."

ಅಪಶಕುನ ಕಳೆಯಲು ನೀರು ಬಂತು, ನೀರಿನ ಹಿಂದೆ ದೋಸೆ ಬಂತು, ದೋಸೆಯ ಹಿಂದೆ ಇನ್ನೆರಡು ದೋಸೆ ಬಂದವು. ಅವನು ಮತ್ತೆ ಹೊಸ್ತಿಲಿಗೆ ಬಂದು ಸರಿಯಾದ ಮಾತು ಹೇಳುವಷ್ಟರಲ್ಲಿ ಅಂಕೋಲೆಯ ಬಸ್ಸು ತನ್ನ ಪಾಡಿಗೆ ತಾನು, ಏನೂ ಹೇಳದೆ ಹೋಗಿಬಿಟ್ಟಿತ್ತು. ಅವನ ಕನ್ನಡ ತಿದ್ದಬಲ್ಲವಳು ಆ ಮನೆಯಲ್ಲಿ ಮಗಳು ಯೋಗಿತಾ ಒಬ್ಬಳೇ. ಅವಳು ಅದೇ ಬಸ್ಸಿನಲ್ಲಿ ಕಾಲೇಜಿಗೆ ಹೋಗಿಯಾಗಿತ್ತು.

ತೊಮಾಶ್ ಮಂಜುಗಡ್ಡೆ ಸಾಗಿಸುವ ಟೆಂಪೊವೊಂದರ ಹಿಂಬದಿ ಹತ್ತಿದ. ಎದುರಿನಿಂದ ಬೇಲೆಕೇರಿ ಬಂದರಿಗೆ ಅದಿರು ಹೊತ್ತ ಲಾರಿಗಳು, ಬಳ್ಳಾರಿ ಕಡೆಯ ಗುಡ್ಡಗಳೆಲ್ಲ ಸಮುದ್ರ ನೋಡಲು ಹೊರಟಂತೆ, ಒಂದರ ಬಾಲಕ್ಕೆ ಒಂದು ಬರುತ್ತಿದ್ದವು. ಅಂಕೋಲೆಯಲ್ಲಿ ಇಳಿದಾಗ ಅವನು ಸೊಂಟದಿಂದ ಮೇಲೆ ಹೆಂಚಿನಂತೆ ಕೆಂಪಗೆ, ಕೆಳಗೆ ಕರಗಿದ ಮಂಜುಗಡ್ಡೆಗೆ ಒದ್ದೆ. ಕೂದಲು, ಹುಬ್ಬು, ಕಿವಿ ಎಲ್ಲಕ್ಕೂ ಒಂದೇ ಬಣ್ಣ. ಅವನು ಯಾವ ದೇಶದವನೆಂದು ಹೆತ್ತ ತಾಯಿಯೂ ಹೇಳುವಂತಿರಲಿಲ್ಲ.

ಕಾರವಾರದ ಕಚೇರಿಗೆ ಮೊದಲು ಎಲ್ಲಿ ಉಳಿದಿದ್ದಾನೆಂಬ ರಹವಾಸಿ ದಾಖಲೆ ಬೇಕು. ಅದನ್ನು ಕೊಡುವ ಗ್ರಾಮ ಲೆಕ್ಕಿಗ ರಾಜೀವ ಹತ್ತಕ್ಕೆ ಬರಬೇಕಾದವನು ಹನ್ನೆರಡಕ್ಕೆ ಬಂದ. ತೊಮಾಶ್ ಎದ್ದು ನಿಂತು, ರಾತ್ರಿಯಿಡೀ ಬಾಯಿಪಾಠ ಮಾಡಿದ ವಾಕ್ಯವನ್ನು ಒಪ್ಪಿಸಿದ.

"ಮಹನೀಯರೇ, ನಾನು ಪರದೇಶಿ. ತಾವು ದಯಮಾಡಿ ನನಗೆ ರಹವಾಸಿ ದಾಖಲೆಯನ್ನು ಕರುಣಿಸಬೇಕು."

ಇಪ್ಪತ್ತು ವರ್ಷದ ನೌಕರಿಯಲ್ಲಿ ರಾಜೀವನಿಗೆ ಜನ ಬೈದದ್ದುಂಟು, ಅತ್ತದ್ದುಂಟು. ಕೆಂಪು ಧೂಳು ಮೆತ್ತಿಕೊಂಡು, ನೀರು ತೊಟ್ಟಿಕ್ಕುತ್ತ ಬಂದು, ಕರುಣಿಸಬೇಕು ಎಂದವರು ಯಾರೂ ಇರಲಿಲ್ಲ. ಕಡತದ ಫೋಟೊ ನೋಡಿದ ಮೇಲೆಯೇ ಧೂಳಿನ ಒಳಗಿರುವುದು ಬಿಳಿಯನೆಂದು ಗೊತ್ತಾಯಿತು. ಗೋಕರ್ಣದ ದಂಡೆಯಲ್ಲಿ ಕೈ ಬರಿದಾಗಿ ಸಿಕ್ಕವರ ಮನೆಯಲ್ಲಿ ಉಣ್ಣುವ ಬಿಳಿಯರನ್ನು ಅವನು ಕಂಡಿದ್ದ, ಇವನೂ ಅಂಥವನೇ ಎಂದುಕೊಂಡ. ಚಾ ತರಿಸಿದ. ಬರೆದ ಕಾಗದದಲ್ಲಿ ಮೂವತ್ತೇಳನೇ ನಂಬರಿನ ಮನೆಯ ವಾಸಿ ಎಂದು ನಮೂದಿಸಿ, ಕೆಳಗೆ ತನ್ನ ಕಡೆಯಿಂದ ಒಂದು ಸಾಲು ಸೇರಿಸಿದ: 'ಈತನಿಗೆ ದಿಕ್ಕಿಲ್ಲ. ಸಂಬಂಧಪಟ್ಟವರು ಕನಿಕರದಿಂದ ಪರಿಶೀಲಿಸಬೇಕು.' ತೊಮಾಶ್ ಅದನ್ನೋದಿ, ಮನೆಯ ಬಾಗಿಲು ಪೂರ್ವಕ್ಕೋ ಪಶ್ಚಿಮಕ್ಕೋ ಎಂದು ಬರೆಯಲು ಮರೆತಿರಬೇಕು ಅಂದುಕೊಂಡು, ಅದು ಪೂರ್ವ ದಿಕ್ಕು ಎಂದು ತಿಳಿಸಿದ. ರಾಜೀವ ಇನ್ನಷ್ಟು ಮರುಗಿದ.

ಕಾರವಾರದ ಬಸ್ಸಿನಲ್ಲಿ ಪಕ್ಕಕ್ಕೆ ಸಿಕ್ಕವನು ಮಾಜಾಳಿಯ ದೇವಾನಂದ. ಗೋವಾದ ಹೋಟೆಲೊಂದರಲ್ಲಿ ಮೇಲ್ವಿಚಾರಕ, ಹೊರದೇಶದವರ ಹಣೆಬರಹವೆಲ್ಲ ತನಗೆ ಗೊತ್ತೆಂದು ನಂಬಿದವನು. ಎಲ್ಲಿಯವನೆಂದು ಕೇಳಿದಾಗ ತೊಮಾಶ್ ಮತ್ತದೇ ಮಾತು ಹೇಳಿದ. ದೇವಾನಂದ ಎದ್ದು ನಿಂತು ಅದನ್ನು ಇಡೀ ಬಸ್ಸಿಗೆ ದಾಟಿಸಿದ.

ಹಾರವಾಡಕ್ಕಿಂತ ಮೊದಲೇ, ಬೇಲೆಕೇರಿಯ ಕೂಡುರಸ್ತೆಯಲ್ಲಿ ಲಾರಿಗಳು ಒಂದಕ್ಕೊಂದು ಸಿಕ್ಕಿಬಿದ್ದು ಬಸ್ಸು ಎರಡು ತಾಸು ನಿಂತಿತು. ಜನರಿಗೆ ಕನಿಕರ ಪಡಲು ಬೇಕಷ್ಟು ಸಮಯ ಸಿಕ್ಕಿತು. ಒಬ್ಬರು ಬಾಳೆಹಣ್ಣು ಕೊಟ್ಟರು, ಒಬ್ಬರು ಮಗನ ಹಳೇ ಅಂಗಿ ಕೊಟ್ಟರು. ಕಂಡಕ್ಟರ್ ಟಿಕೇಟು ಕೇಳಲಿಲ್ಲ. ಬೇಡವೆಂದಷ್ಟೂ, ಪಾಪ ಮಾನವಂತ, ಎಂದು ಇನ್ನೊಂದು ಹಣ್ಣು ಬಂತು. ಮೀನಿನ ಬುಟ್ಟಿ ಇಟ್ಟುಕೊಂಡು ಬಾಗಿಲ ಹತ್ತಿರ ಕೂತಿದ್ದ ಗಂಗೆ ಅವನನ್ನು ಬಹಳ ಹೊತ್ತು ನೋಡಿ, ಅಪ್ಪ ಅಮ್ಮ ಇದ್ದಾರೋ ಎಂದು ಕೇಳಿದಳು. ಇದ್ದಾರೆ, ದೂರದಲ್ಲಿದ್ದಾರೆ ಎಂದ.

"ದೂರ ಮಾಡ್ದ್ರನಾ ಮಗಾ?" ಎಂದು ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಕಾರವಾರ ತಲುಪಿದಾಗ ನಾಲ್ಕೂ ಕಾಲು. ಗೋವಾದ ಬಸ್ಸು ಹಿಡಿಯಬೇಕಾದ ದೇವಾನಂದ ಅದನ್ನು ಬಿಟ್ಟು, ಆ ಕಚೇರಿಯಲ್ಲಿ ತನ್ನ ಗುರುತಿನವರಿಲ್ಲದ ಮೇಜೇ ಇಲ್ಲವೆನ್ನುತ್ತ ಅವನ ಕೈ ಹಿಡಿದು ಓಡಿಸಿದ. ಕೆಳಗಿನ ಅಂತಸ್ತಿನಲ್ಲೇ ಒಂದು ಬಾಗಿಲು, ಮೇಲೆ 'ವಿದೇಶೀಯರ ನೋಂದಣಿ' ಎಂಬ ಫಲಕ. ಒಳಗೆ ಗುಮಾಸ್ತನೊಬ್ಬ ನೊಣ ಹೊಡೆಯುತ್ತ ಕೂತಿದ್ದ. ತೊಮಾಶ್ ಅಲ್ಲೇ ನಿಂತ. ತನ್ನದು ಇದೇ ಬಾಗಿಲೆಂದು ತನಗನ್ನಿಸುತ್ತದೆ ಎಂದ.

"ಅರೇ ಬಾಬಾ, ಅದು ಗೋವಾಕ್ಕೆ ಮಜಾ ಮಾಡೂಕೆ ಬರುವವರ ಜಾಗ. ನೀನು ಪರದೇಶಿ ಅಲ್ವಾ?" ಎಂದ ದೇವಾನಂದ.

"ಹೌದು. ನಾನು ಪರದೇಶಿ."

"ಹಂಗಾರೆ ಮೇಲೆ ನಡಿ."

ತೊಮಾಶ್ ನಡೆದ. ನಿಘಂಟಿನಲ್ಲಿ ವಿದೇಶಿಗೂ ಪರದೇಶಿಗೂ ಭೇದವಿರಲಿಲ್ಲ, ಆದರೆ ಈ ದೇಶದ ಆಡಳಿತ ಅಷ್ಟು ಸೂಕ್ಷ್ಮವಾಗಿದ್ದರೂ ಇರಬಹುದು ಎಂದು ಅವನಿಗೆ ಗೌರವವೇ ಮೂಡಿತು.

ಮೇಲಿನ ಅಂತಸ್ತು ಪುನರ್ವಸತಿ ವಿಭಾಗದ್ದು, ಮನೆಮಠ ಕಳೆದುಕೊಂಡವರು ಎಡತಾಕುವ ಜಾಗ. ಅಲ್ಲಿಯ ಮೇಜಿನಲ್ಲಿದ್ದ ವೈಜಯಂತಿ ಬಾಯಿ ಕಚೇರಿಯ ಪದ್ಧತಿಯಂತೆ ತಲೆಯೆತ್ತದೆ ಹೆಸರು ಕೇಳಿದಳು. ತೊಮಾಶ್ ನೊವಾಕ್ ಎಂದು ಇವನು ಹೇಳಿದ. 'ತಮ್ಮಾ ನಾಯಕ' ಎಂದು ಅವಳು ಬರೆದಳು. ಅಂಕೋಲೆ ತಾಲೂಕಿನಲ್ಲಿ ಕಲ್ಲೆಸೆದರೆ ಒಬ್ಬ ನಾಯಕರ ಅಂಗಳಕ್ಕೇ ಬೀಳುವುದು, ಅವಳ ತಪ್ಪೇನಿಲ್ಲ.

"ಅಂಕೋಲೆ ನಾಯಕರಾ?"

"ಪ್ರಸ್ತುತ ಅಂಕೋಲೆ ತಾಲೂಕಿನಲ್ಲಿಯೇ ನನ್ನ ವಾಸ್ತವ್ಯ, ಅಮ್ಮನವರೇ."

ಮಾತು ಎಷ್ಟು ಶುದ್ಧ, ಮಾಸ್ತರರ ಮನೆಯವನೇ ಇರಬೇಕು ಎಂದು ಅವಳು ಮೆಚ್ಚಿದಳು. ಅವಳಿಗೂ ಅವಸರವಿತ್ತು. ತಿಂಗಳಿಗೆ ಒಂದಾದರೂ ಪ್ರಕರಣ ಇತ್ಯರ್ಥವಾಗಿದೆಯೆಂದು ಮೇಲಿನವರಿಗೆ ತೋರಿಸಬೇಕು, ಈ ತಿಂಗಳು ಇನ್ನೂ ಒಂದೂ ಆಗಿರಲಿಲ್ಲ. ಆ ಕಾಲನಿಯವರಿಗೆ ಮನೆ ತೋರಿಸಿ ಒಳಗೆ ಕೂರಿಸಿದ್ದ ಇಲಾಖೆ ಯಾರ ಹೆಸರಿಗೂ ಹಕ್ಕಿನ ಕಾಗದ ಕೊಟ್ಟಿರಲಿಲ್ಲ. ಅರ್ಜಿ ಹಿಡಿದು ಬಂದವರಿಗೆಲ್ಲ ಒಂದಲ್ಲ ಒಂದು ದಾಖಲೆ ಕಮ್ಮಿ. ಊರೇ ಇಲ್ಲವಾದ ಮೇಲೆ ಆ ಊರಲ್ಲಿ ಹುಟ್ಟಿದ ದಾಖಲೆ ಎಲ್ಲಿಂದ ತರಬೇಕೆಂದು ಯಾರಾದರೂ ಕೇಳಿದರೆ, ಆ ಪ್ರಶ್ನೆಯನ್ನೂ ಲಿಖಿತದಲ್ಲಿ ಕೊಡಿ ಎನ್ನುತ್ತಿದ್ದರು.

ಈ ಹುಡುಗನ ಕಡತದಲ್ಲಿ ಕಮ್ಮಿ ಎಂಬುದೇ ಇರಲಿಲ್ಲ. ಎಂಟು ಫೋಟೊ, ರಹವಾಸಿ ದಾಖಲೆ, ಆರೋಗ್ಯದ ಕಾಗದ, ಅಪ್ಪ ಅಮ್ಮನ ಒಪ್ಪಿಗೆ ಪತ್ರ, ಸಿಂಹದ ಚಿತ್ರವಿದ್ದ ಬಂಗಾರ ಬಣ್ಣದ ಮುದ್ರೆಯ ಹಾಳೆಗಳು, ಎಲ್ಲ ಮೂರು ಮೂರು ಪ್ರತಿ. ವೈಜಯಂತಿ ಬಾಯಿ ಮನೆಯ ನಂಬರಷ್ಟನ್ನು ನೋಡಿ ಬರೆದುಕೊಂಡಳು, ಉಳಿದದ್ದನ್ನು ಓದಲಿಲ್ಲ, ಎಣಿಸಿದಳು. ಒಳಗಿನ ಸಾಹೇಬರು ಎಣಿಸಲೂ ಇಲ್ಲ, ಕಡತವನ್ನು ಅಂಗೈಯಲ್ಲಿ ತೂಗಿ ನೋಡಿ ಸಹಿ ಹಾಕಿದರು. ನಾಲ್ಕೂ ಐವತ್ತೈದಕ್ಕೆ ಮೂರು ಠಸ್ಸೆ ಬಿದ್ದವು. ಅಚ್ಚುಕಟ್ಟಾಗಿ ಬರೆಯಲು ಬರುವವರು ಇಷ್ಟು ವರ್ಷ ಎಲ್ಲಿ ಹೋಗಿದ್ದಿರಿ ಎಂದು ಸಾಹೇಬರು ಅವನ ಬೆನ್ನು ತಟ್ಟಿದರು. ಧೂಳಿಗೆ ಅವರ ಅಂಗೈ ಕೆಂಪಾಯಿತು.

ಇಳಿಯುವಾಗ ಕೆಳಗಿನ ಬಾಗಿಲಿಗೆ ಬೀಗ ಹಾಕುತ್ತಿದ್ದ ಗುಮಾಸ್ತನಿಗೆ ತೊಮಾಶ್ ಗೆದ್ದವನ ಖುಷಿಯಲ್ಲಿ ಕೈಮುಗಿದ.

ಕಾಲನಿಗೆ ಬಂದಾಗ ಹೊತ್ತು ಮುಳುಗುವುದರಲ್ಲಿತ್ತು. ಹೊನ್ನ ಅಂಗಳದಲ್ಲೇ ಕಾಯುತ್ತಿದ್ದ, ಪಕ್ಕದ ಮೂವತ್ತೆಂಟನೇ ಮನೆಯ ಬೀರಾ ಬೇಲಿ ದಾಟಿ ಬಂದಿದ್ದ. ಕೆಲಸವಾಯಿತೇ ಎಂಬುದು ಎಲ್ಲರ ಪ್ರಶ್ನೆ. ತೊಮಾಶ್ ಕಾಗದವನ್ನು ಯೋಗಿತಾಳ ಕೈಗಿತ್ತ. ಅವಳು ಒಮ್ಮೆ ಓದಿದಳು. ಮತ್ತೊಮ್ಮೆ ಓದಿದಳು. ನಂತರ ಅಲ್ಲಿ ಏನೆಂದು ಹೇಳಿದೆ ಎಂದು ಕೇಳಿದಳು. ಅವನು ಹೇಳಿದ.

ಯೋಗಿತಾ ಜಗಲಿಯ ಮೇಲೆ ಕೂತಳು.

"ತಮಾ, ನೀನು ಹೋಗ್ಬೇಕಾಗಿದ್ದು ಕೆಳಗಿನ ಬಾಗಿಲಿಗೆ. ಅಲ್ಲಿ ನಿನ್ ಹೆಸರು ಬೀಳಲಿಲ್ಲ, ಐದು ಗಂಟೆಗೆ ನಿನ್ ಅವಧಿ ಮುಗೀತು. ಇನ್ನು ನಿನ್ನ ನಿಮ್ಮೂರಿಗೆ ಕಳಿಸ್ತ್ರು."

"ಹಾಗಾದರೆ ಈ ಪತ್ರವೇನು?"

"ಇದಾ? ಇದು ಈ ಮನೆಯ ಹಕ್ಕುಪತ್ರ. ತಮ್ಮಾ ನಾಯಕ ಅಂಬ ಸಂತ್ರಸ್ತನಿಗೆ ಮೂವತ್ತೇಳನೇ ನಂಬರು ಮಂಜೂರಾಗಿದೆ. ಫೋಟೊ ನಿಂದೇ ಇದೆ ನೋಡು."

ಹೊನ್ನ ಕಾಗದವನ್ನು ಇಸಕೊಂಡು, ಓದು ಬಾರದಿದ್ದರೂ, ಮೂರೂ ಠಸ್ಸೆಗಳ ಮೇಲೆ ಬೆರಳಾಡಿಸಿದ. ಒಂಬತ್ತು ವರ್ಷದಿಂದ ಅದೇ ಮೆಟ್ಟಿಲು ಹತ್ತಿ ಇಳಿದು ತನ್ನ ಮೊಣಕಾಲು ಸವೆದದ್ದನ್ನು ಅವನು ಹೇಳಿಕೊಳ್ಳಲಿಲ್ಲ. ಅವನಿಗೆ ಮೊದಲು ನಗು ಬಂತು, ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿದ ಮೇಲೆ ಮೆಲ್ಲಗೆ ಕೇಳಿದ:

"ಹಂಗಾರೆ ಒಡೆಯಾ, ಈಗ ನಾವು ಎಲ್ಲಿರೂದು?"

ತೊಮಾಶ್ ಹೊನ್ನನಿಗೆ ಕೈಮುಗಿದ. ನಾಳೆ ಬೆಳಿಗ್ಗೆಯೇ ಹೋಗಿ ಇದನ್ನು ಹಿಂದಿರುಗಿಸುತ್ತೇನೆ, ಹೊನ್ನನ ಹೆಸರಿಗೆ ಬರೆಸುತ್ತೇನೆ ಎಂದ. ಯೋಗಿತಾ ಕಾಗದದ ಬುಡದಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿದ್ದ ಷರತ್ತನ್ನು, ಬಾಗಿಲಲ್ಲಿ ನಿಂತಿದ್ದ ಈರಮ್ಮನಿಗೂ ಕೇಳುವಂತೆ, ಓದಿದಳು. ಮಂಜೂರಾದವನು ಮನೆಯನ್ನು ಬಿಟ್ಟುಕೊಟ್ಟರೆ ಅದು ಸರಕಾರಕ್ಕೆ ಸೇರತಕ್ಕದ್ದು. ಖುದ್ದಾಗಿ ವಾಸವಿರದೆ ಮೂವತ್ತು ದಿನ ಗೈರಾದರೂ ಸರಕಾರಕ್ಕೇ ಸೇರತಕ್ಕದ್ದು. ಒಳಗಿದ್ದ ಇತರರು ಕೂಡಲೇ ತೆರವು ಮಾಡತಕ್ಕದ್ದು.

ಆಮೇಲೆ ಬೀರಾ ಎದ್ದು ಬೇಲಿ ದಾಟಿ ಹೋದ. ಬೇಸರಪಟ್ಟುಕೊಂಡು ಹೋದನೆಂದು ತೊಮಾಶ್ ಅಂದುಕೊಳ್ಳುವಷ್ಟರಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಅರ್ಜಿಗಳ ಕಟ್ಟು ಹಿಡಿದು ತಿರುಗಿ ಬಂದ. ಅವನ ಹಿಂದೆ ಮೂವತ್ತೊಂಬತ್ತರವರು, ನಲವತ್ತರವರು, ತಮ್ಮ ತಮ್ಮ ಚೀಲ ಹಿಡಿದು ಸಾಲಾಗಿ ಬರುತ್ತಿದ್ದರು.

"ತಮಾ, ನಮ್ಮನೆನೂ ನಿನ್ ಹೆಸರಿಗೇ ಮಾಡ್ಸು" ಎಂದ ಬೀರಾ. "ಅವ್ರ ಕೈಲಿ ಇರೂದಕ್ಕಿಂತ ನಿನ್ ಕೈಲಿ ಇದ್ರೆ ನಮ್ಗೆ ನಿದ್ದೆ ಬರ್ತದೆ."

ತಾನು ನಾಳೆಯೋ ನಾಡಿದ್ದೋ ಈ ದೇಶವನ್ನೇ ಬಿಡಬೇಕಾದವನೆಂದು ತೊಮಾಶ್ ಅವರಿಗೆ ವಿವರಿಸಲು ನೋಡಿದ. ಶುದ್ಧ ಕನ್ನಡದಲ್ಲಿ ಹೇಳಿದ್ದರಿಂದ ಅರ್ಧದಷ್ಟು ಜನರಿಗೆ ತಿಳಿಯಲಿಲ್ಲ, ತಿಳಿದವರು ಕೇಳಿಸಿಕೊಳ್ಳಲಿಲ್ಲ. ಪಾಸ್‌ಪೋರ್ಟನ್ನೇ ತೋರಿಸಿಬಿಡೋಣವೆಂದು ಅವನು ಒಳಗೆ ಹೋದ. ಬೆಳಿಗ್ಗೆ ಪ್ರತಿಗಳನ್ನಷ್ಟೇ ಒಯ್ದು, ಮೂಲವನ್ನು ತನ್ನ ಚಾಪೆಯ ತಲೆದಿಂಬಿನ ಕೆಳಗೆ ಬಿಟ್ಟು ಹೋಗಿದ್ದ. ದಿಂಬು ಎತ್ತಿದ. ಚಾಪೆ ಎತ್ತಿದ. ಚೀಲ ಬೋರಲು ಹಾಕಿದ.

ಮೂಲೆಯಲ್ಲಿ ಈರಮ್ಮ ತಗಡಿನ ಪೆಟ್ಟಿಗೆಯ ಮೇಲೆ ಕಾಲು ನೀಡಿ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದಳು. ಪೆಟ್ಟಿಗೆಯ ಬೀಗದ ಕೈ ಅವಳ ಸೊಂಟದಲ್ಲಿತ್ತು.

"ಏನ್ ಹುಡುಕ್ತ್ಯ ತಮಾ? ಕೈಕಾಲು ತೊಳ್ಕಂಡ್ ಬಾ, ಬಡಿಸ್ತೆ" ಎಂದಳು, ಕೂತಲ್ಲಿಂದ ಏಳದೆ.