ಚಿಕ್ಕಮ್ಮನ ಟ್ರ್ಯಾಕ್ಟರ್ ಸಂಸಾರ

ನಮ್ಮ ಚಿಕ್ಕಮ್ಮನ ಮನೆಯಲ್ಲಿ ಇಡ್ಲಿ ಕೊಟ್ಟರೆ ಮೊದಲು ಮೂಸಿ ನೋಡಬೇಕು. ತಿಂಡಿಗೆ ಅವಮಾನ ಮಾಡಬೇಕೆಂದಲ್ಲ. ಕಳೆದ ವರ್ಷವಿಡೀ ಆ ಇಡ್ಲಿ ತಟ್ಟೆಯ ಗುಳಿಗಳಲ್ಲಿ ನಟ್ಟು, ಬೋಲ್ಟು, ವಾಷರುಗಳು ಡೀಸೆಲ್ಲಿನಲ್ಲಿ ನೆನೆಯುತ್ತಿದ್ದವು! "ಸೋಪು ಹಾಕಿ ಉಜ್ಜಿ ತೊಳ್ದಿದೀನಿ ಕಣೋ, ತಿನ್ನು" ಎನ್ನುತ್ತಾಳೆ. ತೊಳೆದಿದ್ದಾಳೆ, ನಿಜ. ತಟ್ಟೆಯನ್ನೋ ನಟ್ಟುಗಳನ್ನೋ ಎಂಬುದನ್ನು ಮಾತ್ರ ಬಿಡಿಸಿ ಹೇಳುವುದಿಲ್ಲ.

ಚಿಕ್ಕಮ್ಮ ತರೀಕೆರೆಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೊಲಿಗೆ ಟೀಚರ್ ಆಗಿದ್ದವಳು. ನಿವೃತ್ತಿಯಾದ ಮೇಲೆ ಚಿಕ್ಕಪ್ಪನ ಊರಾದ ಚೌಳಹಿರಿಯೂರಿಗೆ ಬಂದು ನೆಲೆಸಿದಳು. ನಿವೃತ್ತರಾದವರು ಭಜನೆಗೆ ಹೋಗುತ್ತಾರೆ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾರೆ. ಇವಳು ಎಣ್ಣೆ ತಿಕ್ಕಿದ್ದು ಟ್ರ್ಯಾಕ್ಟರಿಗೆ.

ಅದು ಸಿಕ್ಕಿದ್ದು ಅಜ್ಜಂಪುರದ ಒಂದು ಗೃಹಪ್ರವೇಶದಲ್ಲಿ. ಗೃಹಪ್ರವೇಶಕ್ಕೆ ಹೋದ ಹೆಂಗಸರು ತೆಂಗಿನಕಾಯಿ, ಕುಪ್ಪಸದ ಕಣ ತರುತ್ತಾರೆಯೇ ಹೊರತು ಟ್ರ್ಯಾಕ್ಟರ್ ತಂದದ್ದನ್ನು ಎಲ್ಲಾದರೂ ಕೇಳಿದ್ದೀರಾ? ಊಟ ಮುಗಿಸಿ ಕೈ ತೊಳೆಯಲು ಹಿತ್ತಿಲಿಗೆ ಹೋದವಳಿಗೆ ಈರುಳ್ಳಿ ಶೆಡ್ಡಿನ ಮೂಲೆಯಲ್ಲಿ ಅದು ಕಂಡಿತು. ಮನೆಯವರ ತಾತನ ಕಾಲದ ಪುಟ್ಟ ಗಾಡಿ. ಈಗಿನ ಟ್ರ್ಯಾಕ್ಟರುಗಳ ಪಕ್ಕ ನಿಲ್ಲಿಸಿದರೆ ಎಮ್ಮೆಯ ಪಕ್ಕ ಕರು ನಿಂತಂತೆ. ಮೂಲದಲ್ಲಿ ಯಾವ ಬಣ್ಣವಿತ್ತೆಂದು ಯಾರಿಗೂ ನೆನಪಿರಲಿಲ್ಲ. ಸೀಟಿನ ಮೇಲೆ ಹುಲ್ಲು ಹಾಸಿಕೊಂಡು ಒಂದು ಕೋಳಿ ಕಾವಿಗೆ ಕೂತಿತ್ತು.

"ಗುಜ್ರಿಗೆ ಹಾಕ್ಬೇಕು ಅಂತಿದೀವಿ ಟೀಚ್ರೇ," ಎಂದರು ಮನೆಯವರು.

"ಗುಜ್ರಿಗ್ಯಾಕೆ? ನಂಗೇ ಕೊಡಿ."

"ಕೊಡೋದೇನೋ ಕೊಡ್ತೀವಿ. ಕೋಳಿ ಏಳೋಗಂಟ ತಡ್ಕಬೇಕು ಕಣ್ರೀ."

ತಡೆದುಕೊಂಡಳು. ಮರಿಗಳೆಲ್ಲ ಹೊರಬಿದ್ದು, ಬಾಣಂತಿ ಕೆಳಗಿಳಿದ ಮೇಲೆಯೇ ಟ್ರ್ಯಾಕ್ಟರಿಗೆ ಡಿಸ್ಚಾರ್ಜ್ ಆದದ್ದು!

ಟ್ರ್ಯಾಕ್ಟರ್ ಹೊತ್ತ ಲಾರಿ ಮನೆ ಮುಂದೆ ಬಂದು ನಿಂತಾಗ ಚಿಕ್ಕಪ್ಪ ಜಗಲಿಯ ಮೇಲಿದ್ದರು. ಅವರ ವಿಷಯ ಇಲ್ಲೇ ಹೇಳಿಬಿಡಬೇಕು. ತೆಂಗಿನ ತೋಟ ನೋಡಿಕೊಂಡು ಜೀವನ ಮಾಡಿದವರು, ಊರಿನ ಟೀ ಅಂಗಡಿಯಲ್ಲಿ ಅವರಿಲ್ಲದೆ ಮಾತೇ ಶುರುವಾಗುತ್ತಿರಲಿಲ್ಲ. ಕೆಲವು ವರ್ಷಗಳಿಂದ ಕಿವಿ ಮಂದವಾಗುತ್ತ ಬಂದಿತು. ಕಿವಿಗೆ ಹಾಕುವ ಮಿಷಿನ್ ತಂದುಕೊಟ್ಟರೆ, "ಒಳಗೆ ಜೀರುಂಡೆ ಬಿಟ್ಟಂಗಾಯ್ತದೆ" ಎಂದು ಕಿತ್ತಿಟ್ಟರು. ಕೇಳಿದ್ದಕ್ಕೆ ಇವರು ಇನ್ನೇನೋ ಉತ್ತರ ಕೊಡುವುದು, ಜನ ನಗುವುದು, ಅದನ್ನು ನೋಡಿ ಇವರು ಸಪ್ಪಗಾಗುವುದು. ಕೊನೆಗೆ ಟೀ ಅಂಗಡಿ ಬಿಟ್ಟು ಜಗಲಿ ಹಿಡಿದರು. ಟ್ರ್ಯಾಕ್ಟರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಅವರು ಹೇಳಿದ್ದು ಒಂದೇ ಮಾತು: "ಇದನ್ನ ಎಲ್ಲಿ ಕಟ್ಟಾಕ್ತೀಯ?"

ನನಗೆ ಕಡೂರಿನಲ್ಲಿ ಒಂದು ಎಲೆಕ್ಟ್ರಿಕಲ್ ಅಂಗಡಿ ಇದೆ. ಚಿಕ್ಕಮ್ಮನ ಪ್ರಕಾರ ಬಲ್ಬು ಮಾರುವವನಿಗೆ ಪಿಸ್ಟನ್ ಹುಡುಕುವುದು ದೊಡ್ಡ ಕೆಲಸವಲ್ಲ. ಹಾಗಾಗಿ ಅವಳು ಬಸ್ಸಿಳಿದಳೆಂದರೆ ನನ್ನ ಅಂಗಡಿಗೆ ಅರ್ಧ ಶಟರ್. ಇಬ್ಬರೂ ಒಬ್ಬ ಮೆಕ್ಯಾನಿಕ್ ಹತ್ತಿರ ಹೋದೆವು. ಆತ ಫೋಟೋ ನೋಡಿ ಕೈಮುಗಿದ.

"ಟೀಚ್ರಮ್ಮಾ, ಇದ್ರ ಪಾರ್ಟು ನಮ್ಮಪ್ಪನ ಕಾಲ್ದಲ್ಲೇ ನಿಂತೋದ್ವು."

"ನಾನೂ ನಿಮ್ಮಪ್ಪನ ಕಾಲ್ದೋಳೇ ಕಣಪ್ಪ. ನಿಂತೋಗಿದೀನಾ?"

ಮೆಕ್ಯಾನಿಕ್ ಸ್ಪ್ಯಾನರ್ ಎತ್ತಿಕೊಂಡ. ವಾರಕ್ಕೊಮ್ಮೆ ಬಂದು ಅವನು ಬಿಚ್ಚುವುದು, ಉಳಿದ ದಿನ ಇವಳು ಉಜ್ಜುವುದು ಎಂದು ಒಪ್ಪಂದವಾಯಿತು. ತುಕ್ಕು ಹಿಡಿದು ಅಂಟಿಕೊಂಡಿದ್ದ ಪಿಸ್ಟನ್ನಿಗೆ ದಿನಾ ಬೆಳಿಗ್ಗೆ ಪೂಜೆಗೆ ಮೊದಲು ಎಣ್ಣೆಯ ಅಭಿಷೇಕ. ಅದು ಅಲುಗಿದ ದಿನ ಬೀದಿಗೆಲ್ಲ ಪಾಯಸ ಹಂಚಿದಳು. ಪಕ್ಕದ ಮನೆಯವರು, ಯಾರಿಗೋ ಹೆಣ್ಣು ಗೊತ್ತಾಯಿತೆಂದು ತಿಳಿದು ಹುಡುಗಿ ಯಾವ ಊರೆಂದು ವಿಚಾರಿಸಿದರು!

ಚಿಕ್ಕಪ್ಪನಿಗೂ ಆಗಾಗ ವರದಿ ಒಪ್ಪಿಸಲಾಗುತ್ತಿತ್ತು.

"ರೀ, ಗ್ಯಾಸ್ಕೆಟ್ ಸಿಕ್ತು!" ಎಂದು ಇವಳು ಕೂಗಿದರೆ, "ಬಿಸ್ಕೆಟ್ಟಾ? ಜೊತೇಲಿ ಕಾಫಿ ಕೊಡು" ಎನ್ನುತ್ತಿದ್ದರು.

"ರೇಡಿಯೇಟರ್ ಸೋರ್ತಾ ಇದೆ ಕಣ್ರೀ!"

"ರೇಡಿಯೋನಾ? ನಂಗ್ಯಾಕೆ, ಯಾರಿಗಾದ್ರೂ ಕೊಟ್ಬಿಡು."

ಬರಬರುತ್ತಾ ಕೂಗುವುದನ್ನು ಇವಳು ಕಮ್ಮಿ ಮಾಡಿದಳು, ಅವರು ಉತ್ತರ ಕೊಡುವುದನ್ನು ಬಿಟ್ಟರು. ಒಬ್ಬರು ಜಗಲಿಯಲ್ಲಿ, ಒಬ್ಬರು ಟ್ರ್ಯಾಕ್ಟರಿನ ಕೆಳಗೆ. ಊಟಕ್ಕೆ ಕರೆಯಲು ತಟ್ಟೆ ತೋರಿಸಿದರೆ ಸಾಕಾಗುತ್ತಿತ್ತು.

ಟೀಚರ್ ಕೈಗೆ ಸಿಕ್ಕ ಮೇಲೆ ಸೀಟು ಬರಿದಾಗಿ ಉಳಿದೀತೇ? ಅದಕ್ಕೆ ಹೂವಿನ ಕಸೂತಿ ಹಾಕಿ, ಸುತ್ತ ನೆರಿಗೆ ಹಿಡಿದು ಗವಸು ಹೊಲಿದಳು. ಅವಳೇ ಬಣ್ಣವನ್ನೂ ಆರಿಸಿದಳು, ಗಿಣಿ ಹಸಿರು. ಮೆಕ್ಯಾನಿಕ್ ದೂರ ನಿಂತು ನೋಡಿ, "ಹೊಲಕ್ಕೆ ಹೋಗಂಗಿಲ್ಲ ಬಿಡಿ, ಆರತಿಗೇ ಸೈ" ಎಂದ.

ಆಯುಧಪೂಜೆಯ ದಿನ ಅದನ್ನು ಓಡಿಸಿ ತೋರಿಸುವುದಾಗಿ ಚಿಕ್ಕಮ್ಮ ಊರಿಗೆಲ್ಲ ಸಾರಿದ್ದಳು. ಜನ ಸೇರಿದರು. ಹಾರ, ಕುಂಕುಮ, ಚಕ್ರದಡಿ ನಿಂಬೆಹಣ್ಣು, ಎಲ್ಲವೂ ಆಯಿತು. ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಹತ್ತಿ ಕೂತು ಕೀಲಿ ತಿರುಗಿಸಿದಳು. ಇಂಜಿನ್ ಮುದುಕನಂತೆ ಕೆಮ್ಮಿ ಸುಮ್ಮನಾಯಿತು. ಬ್ಯಾಟರಿ ಇಳಿಯುವ ತನಕ ಕೆಮ್ಮಿಸಿದ್ದೇ ಬಂತು. ಜನ ತಳ್ಳಿದರು. ಬೀದಿಯ ಆ ತುದಿಗೆ ಹೋಗಿ ಈ ತುದಿಗೆ ಬಂದೆವು. ನಿಂಬೆಹಣ್ಣೊಂದು ಬಿಟ್ಟರೆ ಯಾರ ಕೆಲಸವೂ ಪೂರ್ತಿಯಾಗಲಿಲ್ಲ. ಸಲಹೆಗಳಿಗೆ ಮಾತ್ರ ಬರವಿರಲಿಲ್ಲ. ಪಂಪು ಸರಿಯಿಲ್ಲ ಎಂದು ಒಬ್ಬ, ದಿಕ್ಕು ಸರಿಯಿಲ್ಲ ಎಂದು ಇನ್ನೊಬ್ಬ, "ಹೆಂಗಸ್ರು ಕೂತ್ರೆ ಇಂಗೇಯ" ಎಂದು ಮತ್ತೊಬ್ಬ. ಚಿಕ್ಕಮ್ಮ ಸ್ಟೀರಿಂಗ್ ಬಿಡದೆ ಕೂತಿದ್ದಳು. ತುಟಿ ಬಿಗಿದಿತ್ತು. ಇನ್ನೊಂದು ಮಾತು ಬಿದ್ದಿದ್ದರೆ ಅತ್ತುಬಿಡುತ್ತಿದ್ದಳೇನೋ.

ಆ ಗುಂಪಿನಲ್ಲಿ ಯಾರ ಸಲಹೆಯೂ ಕಿವಿಗೆ ಬೀಳದವರು ಒಬ್ಬರೇ. ಚಿಕ್ಕಪ್ಪ ಜಗಲಿಯಿಂದಿಳಿದು ನಿಧಾನವಾಗಿ ಬಂದರು. ವರ್ಷಗಟ್ಟಲೆ ತೋಟದಲ್ಲಿ ಡೀಸೆಲ್ ಪಂಪ್‌ಸೆಟ್ ನಡೆಸಿದವರಲ್ಲವೇ? ಬಗ್ಗಿ ಟ್ಯಾಂಕಿನ ಕೆಳಗೆ ಕೈಹಾಕಿ, ಮುಚ್ಚೇ ಇದ್ದ ಡೀಸೆಲ್ ನಲ್ಲಿಯನ್ನು ತಿರುಗಿಸಿದರು. ಅಷ್ಟೂ ಹೊತ್ತು ನಾವು ತಳ್ಳಿದ್ದು ಉಪವಾಸದ ಗಾಡಿಯನ್ನು!

ಮೆಕ್ಯಾನಿಕ್ ನಾಚಿಕೊಂಡು ಪೈಪಿನ ಗಾಳಿ ತೆಗೆದ. ಇನ್ನೊಮ್ಮೆ ತಳ್ಳಿದೆವು. ಕಪ್ಪು ಹೊಗೆ ಉಗುಳಿ, ಡಬಡಬ ಡಬಡಬ ಎಂದು ಇಡೀ ಬೀದಿ ನಡುಗಿಸುತ್ತ ಅದು ಎದ್ದಿತು. ಮಾತು ಹಾಗಿರಲಿ, ಜನ ಚಪ್ಪಾಳೆ ತಟ್ಟಿದ್ದೂ ಕೇಳಿಸಲಿಲ್ಲ. ಚಿಕ್ಕಮ್ಮ ಪಕ್ಕದ ಮಡ್‌ಗಾರ್ಡ್ ಮೇಲೆ ಕೈ ಬಡಿದು ತೋರಿಸಿದಳು. ಚಿಕ್ಕಪ್ಪ ಸ್ವಲ್ಪ ಅನುಮಾನಿಸಿ, ಹತ್ತಿ ಕೂತರು.

ತೋಟದ ದಾರಿ ಹಿಡಿದರು. ನಾನು ಬೈಕಿನಲ್ಲಿ ಹಿಂದೆ ಹೋದೆ. ಸ್ವಲ್ಪ ದೂರ ಹೋಗುತ್ತಲೇ ಚಿಕ್ಕಪ್ಪನ ಕೈ ಮೇಲೆದ್ದಿತು. ಅವರು ಮಾತಾಡುತ್ತಿದ್ದರು! ಹೊಲ ತೋರಿಸಿ, ತೆಂಗಿನ ಮರ ತೋರಿಸಿ, ಹೆಂಡತಿಯ ಕಡೆ ಬಾಗಿ, ತಲೆ ಹಿಂದೆ ಚೆಲ್ಲಿ ನಕ್ಕು, ಮತ್ತೆ ಮಾತು. ಚಿಕ್ಕಮ್ಮನೂ ಕತ್ತು ತಿರುಗಿಸಿ ತಿರುಗಿಸಿ ಏನೋ ಹೇಳುತ್ತಿದ್ದಳು.

ಮತ್ತೆ ತಳ್ಳುವ ಪಾಡು ಬೇಡವೆಂದು ತೋಟದ ಇಳಿಜಾರಿನಲ್ಲಿ ನಿಲ್ಲಿಸಿ ಇಂಜಿನ್ ಆರಿಸಿದ ಮೇಲೆ ಚಿಕ್ಕಪ್ಪ ಇಳಿದು ಮರಗಳ ನಡುವೆ ನಡೆದರು. ನಾನು ಕೇಳಿದೆ: "ಅಷ್ಟೊಂದು ಏನ್ ಹೇಳ್ತಿದ್ರು ಚಿಕ್ಕಪ್ಪ?"

"ಯಾರಿಗ್ಗೊತ್ತು? ಆ ಸದ್ದಲ್ಲಿ ನಂಗೆ ಒಂದಕ್ಷರ ಕೇಳ್ಲಿಲ್ಲ ಕಣೋ," ಎಂದು ನಕ್ಕಳು. ನಗುತ್ತಲೇ ಮುಂಗೈಯಿಂದ ಕಣ್ಣೊರೆಸಿಕೊಂಡಳು. ಕೆನ್ನೆಗೆ ಗ್ರೀಸ್ ಬಳಿದುಕೊಂಡಿತು. "ನಾನೂ ಏನೇನೋ ಹೇಳ್ದೆ. ಅವ್ರಿಗೂ ಕೇಳ್ಲಿಲ್ಲ."

ಆಮೇಲೆ ಸೆರಗು ಬಿಗಿದುಕೊಂಡು ಹೇಳಿದಳು: "ನೀನು ಮನೆಗೆ ನಡಿ. ನಾವು ಕೆರೆ ಏರಿ ಮೇಲೆ ಸುತ್ಕೊಂಡು ಬತ್ತೀವಿ."