ದೆವ್ವದ ಪರ ವಹಿಸಿದ ಕಾಕಿ

ಶಲವಡಿ ಊರಿನ ಕಾಕಾನ ಮನೆಯ ಪಡಸಾಲೆಯಲ್ಲಿ ಮಧ್ಯಾಹ್ನ ನಾವು ನಾಲ್ವರು ಶೇಂಗಾ ಸುಲಿಯುತ್ತ ಕೂತಿದ್ದೆವು: ಕಾಕಾ, ಕಾಕಿ, ಅವರ ಹೊಸ ಸೊಸೆ ಮತ್ತು ನಾನು. ಟಿವಿಯೊಳಗೆ ಒಂದು ದೆವ್ವವಿತ್ತು. ಹಳೆಯ ದೆವ್ವದ ಕಥೆಗಳನ್ನು ದಿನಕ್ಕೊಂದರಂತೆ ತೋರಿಸುವ ಆ ಧಾರಾವಾಹಿಯನ್ನು ಊರವರೆಲ್ಲ ಹೆದರಿಕೊಳ್ಳಲು ನೋಡುತ್ತಾರೆ. ನಮ್ಮ ಕಾಕಿ ಮಾತ್ರ ದೆವ್ವಕ್ಕೆ ಅನ್ಯಾಯವಾಗದಂತೆ ಕಾಯಲು ನೋಡುತ್ತಾಳೆ.

ನಂಬಿಕೆ ಬರಲಿಲ್ಲವೇ? ಒಮ್ಮೆ ಬಿಳಿ ಸೀರೆಯ ಹೆಣ್ಣುದೆವ್ವ ಬಾಗಿಲು ಬಡಿಯಿತು. ಮನೆಯವರು ಚಿಲಕ ಹಾಕಿಕೊಂಡರು. ಕಾಕಿಗೆ ಸಿಟ್ಟು ಬಂತು.

"ಎಂಥಾ ಮಂದಿ ಇವ್ರು. ಬಾಗಲಕ್ಕ ಬಂದಾಕಿಗೆ ಒಂದ್ ತಂಬಗಿ ನೀರ ಕೊಡಲಿಲ್ಲ."

"ಕಾಕಿ, ಆಕಿ ರಕ್ತ ಕುಡ್ಯಾಕ ಬಂದಾಳ" ಎಂದೆ ನಾನು.

"ನೀರ ಸಿಗಲಾರ್ದಕ್ಕ ಕುಡೀತಾಳ."

ಇನ್ನೊಮ್ಮೆ ಮಂತ್ರವಾದಿಯೊಬ್ಬ ಬೇವಿನ ಸೊಪ್ಪು ಝಾಡಿಸುತ್ತ 'ಹೋಗು, ಹೋಗು' ಎಂದು ಅರಚಿದ. ಕಾಕಿ ಕಿವಿ ಮುಚ್ಚಿಕೊಂಡಳು. ಮನೆಗೆ ಬಂದವರಿಗೆ ಹಾಗೆನ್ನಬಾರದಂತೆ, 'ಹೋಗಿ ಬಾ' ಎನ್ನಬೇಕಂತೆ.

"ಹಂಗಂದ್ರ ಮತ್ತ ಬರ್ತೈತಲ್ಲ ಲೇ" ಎಂದ ಕಾಕಾ.

"ಬರ್ಲಿ ಬಿಡ್ರಿ. ನಿಮ್ಮ ಅಕ್ಕ ಬರೂದಿಲ್ಲೇನು?"

ಕಾಕಿಯ ದೊಡ್ಡ ತಕರಾರು ಏನೆಂದರೆ, ಇವೆಲ್ಲ ತನ್ನ ಅಜ್ಜಿ ಹೇಳುತ್ತಿದ್ದ ಕಥೆಗಳೇ, ಟಿವಿಯವರು ಕೆಡಿಸಿದ್ದಾರೆ. "ನಮ್ಮಜ್ಜಿ ಕಥಿಯೊಳಗ ದೆವ್ವ ಕಡೀಕ ಹೊಟ್ಟಿ ತುಂಬ ಉಂಡು ಹೋಗ್ತಿತ್ತು. ಇವ್ರು ಊಟಾನ ಕಿತ್ತ ಒಗದಾರ. ಹಸದದ್ದು ಕಾಡಲಾರ್ದ ಏನ್ ಮಾಡತೈತಿ?"

ಅಂದಿನ ಕಥೆಯಲ್ಲಿ ಸತ್ತ ತಾಯಿಯೊಬ್ಬಳು ಮಗಳ ಗಂಡನ ಮನೆಯ ಮುಂದೆ ಬಂದು ನಿಂತಿದ್ದಳು. ಹೊಸ್ತಿಲು ದಾಟುವ ಹಾಗಿರಲಿಲ್ಲ. ನಾವು ಕಾಕಿಯ ಮಾತಿಗಾಗಿ ಕಾದೆವು. ಮಾತಾಡಿದವಳು ಸೊಸೆ. ಅವಳ ತವರು ಯಮನೂರು. ಮದುವೆಯಾದ ಸ್ವಲ್ಪ ದಿನಕ್ಕೇ ತಾಯಿ ತೀರಿಕೊಂಡಿದ್ದಳು. ತಂದೆ ಮೊದಲೇ ಇರಲಿಲ್ಲ.

"ಅತ್ತಿ, ನಮ್ಮವ್ವಗ ನಾ ಒಬ್ಬಾಕಿನ ರೀ" ಎಂದಳು, ಟಿವಿಯಿಂದ ಕಣ್ಣು ತೆಗೆಯದೆ. "ಹಿರೇರ ಅಮಾಸಿಗೆ ಆಕಿಗೆ ಯಾರ ಎಡಿ ಇಡತಾರ್ರಿ?"

ನಮ್ಮ ಕಡೆ ಆ ಅಮಾವಾಸ್ಯೆಗೆ ತೀರಿಹೋದ ಹಿರಿಯರಿಗೆ ಅಡಿಗೆ ಮಾಡಿ ಎಡೆ ಇಡುತ್ತಾರೆ. ಆದರೆ ಆಯಾ ಮನೆಯ ಹಿರಿಯರು ಆಯಾ ಮನೆಯಲ್ಲೇ ಉಣ್ಣಬೇಕು. ಸೊಸೆಯ ತವರಿನವರಿಗೆ ಅವಳ ಗಂಡನ ಮನೆಯಲ್ಲಿ ಎಲೆ ಇಲ್ಲ. ಕಥೆ ಇನ್ನೂ ಅರ್ಧ ಇರುವಾಗಲೇ ಕಾಕಿ ಎದ್ದು ಟಿವಿ ಬಂದ್ ಮಾಡಿದಳು.

ಅಮಾವಾಸ್ಯೆಯ ದಿನ ನಾನೂ ಕಾಕಾನ ಮನೆಗೆ ಹೋಗಿದ್ದೆ. ಹಿರಿಯರ ಎಲೆಗಳ ಸಾಲಿನ ತುದಿಗೆ ಕಾಕಿ ಇನ್ನೊಂದು ಎಲೆ ಹಾಸಿದಳು. ಪಕ್ಕದಲ್ಲಿ ಮಡಿಕೆ ಬಿಚ್ಚದ ಒಂದು ಇಳಕಲ್ ಸೀರೆ.

"ಬೀಗರ ಕಡಿಯವ್ರಿಗೆ ಇಡೂ ಪದ್ಧತಿ ನಮ್ಮ ಮನ್ಯಾಗ ಇಲ್ಲ" ಎಂದ ಕಾಕಾ.

"ನಿಮ್ಮವ್ವ ಉಣ್ಣೂಮುಂದ ಬಾಜು ಒಬ್ಬಾಕಿ ಕುಂತ್ರ ಸಿಟ್ಟಾಗ್ತಾಳೇನ್ರಿ?"

ಕಾಕಾ ತಾನೇ ಆ ಎಲೆಗೆ ನೀರು ಚಿಮುಕಿಸಿದ.

ಸೊಸೆ ಹೋಳಿಗೆ ಬಡಿಸಿ ಮೇಲೆ ಒಂದು ಚಮಚ ತುಪ್ಪ ಹಾಕಿದಳು. ಇನ್ನಷ್ಟು ಹಾಕು ಎಂದಳು ಕಾಕಿ.

"ಸಾಕ್ರಿ ಅತ್ತಿ. ನಮ್ಮವ್ವ ತುಪ್ಪ ಭಾಳ ತಿಂತಿದ್ದಿಲ್ಲ."

"ನಿನಗ ಉಳಿಸಾಕ ತಿಂದಿರೂದಿಲ್ಲ. ಹಾಕು."

ಸೊಸೆ ತುಪ್ಪದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಎಲೆಯ ಮೇಲೆ ಬಗ್ಗಿಸಿದಳು.