ಗೋಲಾದರೆ ಮಾತ್ರ ಚಿತ್ರಾನ್ನ

ಈ ದೇಶದಲ್ಲಿ ಫುಟ್‌ಬಾಲ್ ನೋಡುವವನಿಗೆ ನಗೆ ಪ್ರಸಂಗಗಳಿಗೆ ಬರವಿಲ್ಲ, ಬರ ಇರುವುದು ಫುಟ್‌ಬಾಲಿಗೇ. ಹೋದ ಸೀಸನ್ ಒಂದರಲ್ಲೇ ನನಗೆ ಇಷ್ಟು ಸಿಕ್ಕಿವೆ. ನೀವು ನಕ್ಕುಬಿಡಿ. ನಾನು ಸಿಟ್ಟಿನಲ್ಲೇ ಹೇಳುತ್ತೇನೆ.

ಹಸುವಿನ ನಂಬಿಕೆ

ಯಲಹಂಕದ ನಮ್ಮ ಬೀದಿಯಲ್ಲಿ ಒಬ್ಬ ಹಿರಿಯರಿದ್ದಾರೆ. ಜಾಲಹಳ್ಳಿಯ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತು ದುಡಿದವರು, ಕಾರ್ಖಾನೆ ಟೀಮಿನಲ್ಲಿ ಬ್ಯಾಕ್ ಆಡಿದವರು. ನಾನು ಅಣ್ಣ ಅನ್ನುತ್ತೇನೆ. ರಾಷ್ಟ್ರೀಯ ಲೀಗಿನಲ್ಲಿ ನಮ್ಮೂರ ಟೀಮಿನ ಆಟವಿದ್ದರೆ ಇಬ್ಬರೂ ಬಸ್ ಹತ್ತುತ್ತೇವೆ. ಅವರ ಕೈಯಲ್ಲಿ ಸ್ಟೀಲ್ ಡಬ್ಬಿ, ಡಬ್ಬಿಯಲ್ಲಿ ಅತ್ತಿಗೆ ಕಲಸಿದ ಚಿತ್ರಾನ್ನ. ಸ್ಟೇಡಿಯಂ ಗೇಟಿನವರಿಗೂ ಆ ಡಬ್ಬಿ ಪರಿಚಯ. ಕಾರ್ಖಾನೆ ಕಾಲದಿಂದ ಬಂದ ನೇಮ ಒಂದೇ: ನಮ್ಮವರು ಗೋಲು ಹೊಡೆದರೆ ಮುಚ್ಚಳ ತೆಗೆಯುವುದು, ಇಲ್ಲವಾದರೆ ಹಸಿದುಕೊಂಡೇ ಮನೆಗೆ.

ಶನಿವಾರ ಗೋಲಿಲ್ಲದಿದ್ದರೆ ಭಾನುವಾರ ಆ ಅನ್ನ ಬೀದಿಯ ಹಸುವಿಗೆ. ಬರಬರುತ್ತಾ ಭಾನುವಾರ ಬೆಳಿಗ್ಗೆ ಹಸು ತಾನಾಗಿಯೇ ಗೇಟಿಗೆ ಬಂದು ನಿಲ್ಲತೊಡಗಿತು. ಅತ್ತಿಗೆ ಅಂದರು, "ನಿಮ್ಮ ಟೀಮ್ ಮೇಲೆ ನಿಮಗಿಂತ ಇದಕ್ಕೇ ನಂಬಿಕೆ ಜಾಸ್ತಿ ಕಣ್ರೀ."

ಚೆಂಡು, ನೀರು

ಹೋದ ಸಲ ಅಣ್ಣನ ಕಣ್ಣು ಮಂಜಾಗುತ್ತಾ ಬಂತು. ಕಣ್ಣಿನ ನರ ಒಣಗುತ್ತಿದೆ, ಮುಂದಿನ ವರ್ಷ ಕಾಣುವ ಆಸೆ ಬೇಡ ಅಂದರು ಡಾಕ್ಟರು.

"ಗಣೇಶನ ಹಬ್ಬ ಕಳೆದ್ರೆ ಸೀಸನ್ ಶುರು ಅಲ್ವಾ ಗುರು? ಒಂದ್ ಆಟ ಕಣ್ತುಂಬ ನೋಡ್ಬಿಡ್ತೀನಿ," ಅಂದರು ಅಣ್ಣ. ಅವರು ಕೇಳಿದ್ದು ಅಷ್ಟೇ.

ಗಣೇಶ ನೀರಿಗೆ ಹೋದ, ದಸರಾ ಹೋಯಿತು, ಸೀಸನ್ ಬರಲಿಲ್ಲ. ಲೀಗ್ ಯಾರು ನಡೆಸಬೇಕು, ಲಾಭ ಯಾರ ಮನೆಗೆ ಅಂತ ಮೇಲಿನವರ ಜಗಳ. ಆಡುವ ಹುಡುಗರು ಮನೆಯಲ್ಲಿ, ನೋಡುವ ಕಣ್ಣು ಕತ್ತಲೆಗೆ.

ಸುಮ್ಮನಿರುವುದನ್ನು ನನಗೆ ಯಾರೂ ಕಲಿಸಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಮೈಕು ಹಾಕಿ ಧರಣಿ ಕೂತೆ. "ಬೇಕೇ ಬೇಕು!" ಅಂದೆ. "ನ್ಯಾಯ ಬೇಕು!" ಅಂತ ಹಿಂದಿನಿಂದ ದೊಡ್ಡ ಕೂಗು. ತಿರುಗಿದರೆ ಪಕ್ಕದ ಕೋಗಿಲು ಕಡೆಯ ಹೆಂಗಸರು, ಖಾಲಿ ಕೊಡ ಇಟ್ಟುಕೊಂಡು ಕೂತಿದ್ದಾರೆ.

"ಅಮ್ಮ, ಇದು ಫುಟ್‌ಬಾಲಿಗೆ," ಅಂದೆ.

"ಇರ್ಲಿ ಕಣಣ್ಣ. ನಾವೂ ಇಂಗೇ ಕೂಗಿ ಕೂಗಿ ಗಂಟ್ಲು ಬಿದ್ದೋಗದೆ. ನಿನ್ ಮೈಕ್ ಚೆನ್ನಾಗದೆ. ಒಂದ್ಸಲ ಚೆಂಡು ಅನ್ನು, ಒಂದ್ಸಲ ನೀರು ಅನ್ನು."

ಹಾಗೇ ಅಂದೆ. ವಾರದೊಳಗೆ ನೀರಿನ ಟ್ಯಾಂಕರ್ ಬಂತು. ಚೆಂಡು ಬರಲಿಲ್ಲ.

ಸಾಹೇಬರ ಬೇಸರ

ಈ ಜಗಳದಲ್ಲಿ ಕೈಯಿದ್ದ ದೊಡ್ಡ ಮನುಷ್ಯರೊಬ್ಬರ ಮನೆ ಆರ್.ಟಿ. ನಗರದಲ್ಲಿ. ಅಲ್ಲಿಗೂ ಹೋದೆ. ಅಣ್ಣನೂ ನನ್ನ ಭುಜ ಹಿಡಿದು ಬಂದರು. ಆಗಲೇ ಅವರಿಗೆ ಮೆಟ್ಟಿಲು ಕಾಣುತ್ತಿರಲಿಲ್ಲ. ಬಿಜಾಪುರ ಕಡೆಯ ವಾಚ್‌ಮನ್ ತಡೆದ.

"ಸಾಹೇಬ್ರು ಇಲ್ರೀ ಯಪ್ಪಾ. ಫಾರಿನ್‌ಗೆ ಹೋಗ್ಯಾರ."

"ಏನಕ್ಕೆ?"

"ಫುಟ್‌ಬಾಲ್ ನೋಡಾಕ್ರಿ. ಇಲ್ಲಿ ಆಟ ನಿಂತೈತಲ್ರಿ, ಪಾಪ, ಅವರಿಗೆ ಭಾಳ ಬ್ಯಾಸರ ಆಗಿತ್ತು."

ಮುಚ್ಚಳ

ಸಂಕ್ರಾಂತಿ ಕಳೆದು ಎಷ್ಟೋ ದಿನದ ಮೇಲೆ ಸೀಸನ್ ಶುರುವಾಯಿತು, ಅದೂ ಮೊಟಕಾಗಿ. ಅಷ್ಟರಲ್ಲಿ ಅಣ್ಣನಿಗೆ ಬೆಳಕು ಯಾವ ಕಡೆ ಅನ್ನುವುದಷ್ಟೇ ತಿಳಿಯುತ್ತಿತ್ತು. ಕರೆಯಲು ನನಗೆ ಬಾಯಿ ಬರಲಿಲ್ಲ. ಅವರೇ ಚಪ್ಪಲಿ ಹಾಕಿಕೊಂಡು ಕೂತಿದ್ದರು, ತೊಡೆಯ ಮೇಲೆ ಡಬ್ಬಿ.

ಆಟವನ್ನು ಬಾಯಲ್ಲಿ ಹೇಳುವ ಕೆಲಸ ನನ್ನದು. "ನಮ್ಮವನು ಚೆಂಡು ತಗೊಂಡ, ಓಡ್ತಿದಾನೆ, ಅಣ್ಣ, ಇಂಥ ಹುಡುಗನನ್ನ ತಿಂಗಳುಗಟ್ಟಲೆ ಮನೇಲಿ ಕೂರಿಸಿದ್ರಲ್ಲ, ಇವರಿಗೆ ಮಾನ ಇದೆಯಾ, ಮರ್ಯಾದೆ ಇದೆಯಾ..."

"ಆಮೇಲೆ ಬೈಯುವಂತೆ ಮಗಾ. ಚೆಂಡೆಲ್ಲಿ?"

ನೋಡಿದೆ. ಚೆಂಡು ನಮ್ಮ ಬಲೆಯಲ್ಲೇ ಇತ್ತು.

ನಮ್ಮ ಸ್ಟ್ಯಾಂಡ್ ಇಡೀ ಮೌನ. ದೂರದ ಮೂಲೆಯಲ್ಲಿ ಮಾತ್ರ ಎದುರು ಟೀಮಿನವರ ಕೂಗು.

"ಗೋಲಾ?"

"ಹೂಂ ಅಣ್ಣ. ಅವರದು."

ಅಣ್ಣ ಡಬ್ಬಿಯ ಮುಚ್ಚಳ ತೆಗೆದರು. ನಿಂಬೆಹಣ್ಣಿನ ವಾಸನೆ ಬಂತು. ಎದ್ದು ನಿಂತು, ತಡವರಿಸಿ, ಸಿಕ್ಕಿದ ಕೈಗೆಲ್ಲ ಒಂದೊಂದು ಹಿಡಿ ಹಾಕತೊಡಗಿದರು.

ಮುಂದಿನ ಸಾಲಿನ ದಪ್ಪ ಮೀಸೆಯವನು ಕೆರಳಿದ. "ಏನ್ ತಾತ, ಅವ್ರ ಗೋಲಿಗೆ ಊಟ ಹಾಕ್ತಿದೀರಾ? ಯಾವ್ ಟೀಮ್ ರೀ ನೀವು?"

"ತಗೋಪ್ಪಾ," ಅಂದರು ಅಣ್ಣ. "ಎರಡೂ ಟೀಮು ಬಂದು ಆಡ್ತಿವೆಯಲ್ಲ. ಈ ವರ್ಷ ಅಷ್ಟೇ ಸಾಕು."

ಮೀಸೆಯವನು ಅಣ್ಣನ ಕಣ್ಣು ನೋಡಿದ. ಕೈ ಚಾಚಿ ಈಸಿಕೊಂಡ. ನಾನೂ ತಿಂದೆ.

ಮರುದಿನ ಬೆಳಿಗ್ಗೆ ನಾನು ಹೋದಾಗ ಹಸು ಎಂದಿನಂತೆ ಗೇಟಿನಲ್ಲಿತ್ತು. ಅತ್ತಿಗೆ ಖಾಲಿ ಡಬ್ಬಿ ಹಿಡಿದು ಓಡಿ ಬಂದರು. ಮುಖ ಅರಳಿತ್ತು.

"ಗೆದ್ರಾ?"

"ಇಲ್ಲ ಅತ್ತಿಗೆ. ಸೋತ್ವಿ."

"ಮತ್ತೆ ಡಬ್ಬಿ?"

"ಅವರು ಹೊಡೆದ್ರು. ಅದಕ್ಕೇ ಅಣ್ಣ ತೆಗೆದುಬಿಟ್ರು."

ಅಣ್ಣ ಜಗಲಿಯ ಮೇಲೆ ಬಿಸಿಲಿನ ಕಡೆ ಮುಖ ಮಾಡಿ ಕೂತಿದ್ದರು. ಅತ್ತಿಗೆ ಅವರನ್ನು ನೋಡಿದರು, ಹಸುವನ್ನು ನೋಡಿದರು, ಸೆರಗಿನಿಂದ ಕಣ್ಣೊರೆಸಿಕೊಂಡು ಸೊಂಟಕ್ಕೆ ಕೈ ಇಟ್ಟರು.

"ಅವರು ಹೊಡೆದ್ರೂ ತಿನ್ಬಹುದು ಅಂತ ಮೊದ್ಲೇ ನೇಮ ಮಾಡ್ಕೊಳ್ಳೋಕೇನ್ರೀ ಆಗಿತ್ತು ನಿಮಗೆ? ಆ ಟೀಮ್ ಕಟ್ಕೊಂಡು ನೀವು ಒಂದ್ ದಿನಾನೂ ಹಸ್ಕೊಂಡು ಬರ್ತಿರ್ಲಿಲ್ವಲ್ರೀ!"